ಕೊಲೆಗಡುಕ ಡಾಕ್ಟರನ ಬೆನ್ನು ಯಾರದು?

ಬೆಳಗಿನ ಜಾವ. ಗೋವರ್ ಬೀದಿಯ ಸ್ಟುಡಿಯೋ ಗೇಟು ಈಗಷ್ಟೇ ತೆರೆದಿದೆ. ಒಳಗೆ ಆಸ್ಪತ್ರೆಯ ವಾರ್ಡಿನಂತೆ ಕಟ್ಟಿದ ಸೆಟ್ಟು. ಅದರ ನಡುವೆ, ನೆಲಕ್ಕೆ ಅಂಟಿಸಿದ ಪಟ್ಟಿಯ ಮೇಲೆ, ಡಾಕ್ಟರ ಕೋಟು ತೊಟ್ಟು ಎಮಿಟ್ ಪ್ರೂಯಿಟ್ ನಿಂತಿದ್ದಾರೆ. ಮೇಲಿನಿಂದ ಒಂದೊಂದೇ ದೀಪ ಹೊತ್ತಿಕೊಂಡು ಮುಖದ ಮೇಲೆ ಬೀಳುತ್ತಿದೆ. "ಗದ್ದ ಸ್ವಲ್ಪ ಎತ್ತೋ," ಎಂದು ಏಣಿಯ ಮೇಲಿಂದ ಲೈಟಿನ ಗಸ್ ಕೂಗುತ್ತಾರೆ. "ಎತ್ತಿದ್ರೆ ಮೂಗಿನೊಳಗೆಲ್ಲ ಕಾಣುತ್ತಲ್ಲೋ," ಎನ್ನುತ್ತಾರೆ ಎಮಿಟ್. "ನಿನ್ನ ಮೂಗು ಯಾವನು ನೋಡ್ತಾನೆ ಮಾರಾಯ? ನೆರಳು ಎಲ್ಲಿ ಬೀಳುತ್ತೆ ಅಂತ ನೋಡ್ತಿದೀನಿ."

ನಿಜವೇ, ಯಾರೂ ನೋಡುವುದಿಲ್ಲ. ಎಮಿಟ್ ನಟರಲ್ಲ, ನಟರ ಬದಲು ನಿಲ್ಲುವವರು. ದೀಪ, ಕ್ಯಾಮೆರಾ ಎಲ್ಲ ಹೊಂದಿಸುವವರೆಗೆ ಬಿಸಿಯಲ್ಲಿ ಬೇಯುವುದು ಅವರ ಕೆಲಸ. ಎಲ್ಲ ಸರಿಯಾದ ಮೇಲೆ ನಟ ಬರುತ್ತಾರೆ, ಇವರು ತುಟಿ ಬಿಚ್ಚದೆ ಇಳಿದುಹೋಗುತ್ತಾರೆ. ಆ ನಟರು ಲೈಲ್ ಕಾರ್ಬಿನ್. ಪ್ರತಿ ವಾರ ಟೀವಿಯಲ್ಲಿ ನಿಮ್ಮ ಮನೆಗೇ ಬಂದು ಮಕ್ಕಳ ತಲೆ ಸವರಿ ಹೋಗುವ ಆ ಕರುಣಾಳು ಡಾಕ್ಟರು ಅವರೇ. ಇಬ್ಬರದೂ ಒಂದೇ ಎತ್ತರ, ಒಂದೇ ಭುಜ. ಇಪ್ಪತ್ತು ವರ್ಷಕ್ಕೂ ಮಿಕ್ಕಿ ಎಮಿಟ್ ಆ ಮನುಷ್ಯನ ನೆರಳಿಗಿಂತ ಮೊದಲು ಬಂದು ನಿಂತಿದ್ದಾರೆ.

"ಬೇಜಾರಾಗಲ್ವಾ?" ಎಂದು ಕೇಳಿದರೆ ನಗುತ್ತಾರೆ. "ಮರ ನಿಂತ್ಕೊಂಡೇ ಇರಲ್ವಾ? ಅದಕ್ಕೆ ಯಾರೂ ಕಾಫಿನೂ ಕೊಡಲ್ಲ. ನನಗೆ ಕೊಡ್ತಾರೆ."

ಅವರು ನಗಲಿ. ನನಗೆ ನಗು ಬರುವುದಿಲ್ಲ. ಯಾಕೆ ಅಂತ ಹೇಳುತ್ತೇನೆ.

ಯುದ್ಧದ ಕಾಲದಲ್ಲಿ 'ಡಾಕ್ಟರು ಒಂಬತ್ತಕ್ಕೆ ಬರುತ್ತಾರೆ' ಅನ್ನುವ ಚಿತ್ರ ಬಂದಿತ್ತು. ಶ್ರೀಮಂತ ವಿಧವೆಯರಿಗೆ ಚಮಚದಲ್ಲಿ ಟಾನಿಕ್ ಕುಡಿಸಿ, ದಿಂಬು ಸರಿಮಾಡಿ, ಸಾಯಿಸಿ ಹೋಗುವ ಡಾಕ್ಟರನ ಕತೆ. ಕಾರ್ಬಿನ್ನರೇ ಡಾಕ್ಟರು. ಎರಡು ವಾರ ಓಡಿ ಮರೆತೇ ಹೋಗಿತ್ತು. ಈ ವಸಂತದಲ್ಲಿ ಯಾರದೋ ಗೋದಾಮಿನಲ್ಲಿ ಅದರ ಒಂದು ಪ್ರತಿ ಸಿಕ್ಕಿತು, ನಮ್ಮ ಊರಿನ ಚಿತ್ರಪ್ರೇಮಿಗಳ ಸಂಘ ಅದನ್ನು ಸಣ್ಣ ಥಿಯೇಟರಿನಲ್ಲಿ ಹಾಕಿತು. ನೋಡಿದವರೆಲ್ಲ ಕೊನೆಯ ದೃಶ್ಯಕ್ಕೆ ಹುಚ್ಚಾಗಿದ್ದಾರೆ. ಉದ್ದನೆಯ ಆಸ್ಪತ್ರೆಯ ಓಣಿ, ಅತ್ತ ಇತ್ತ ಇಬ್ಬರು ಪೊಲೀಸರು, ನಡುವೆ ಬೆನ್ನು ತಿರುಗಿಸಿ ನಡೆದುಹೋಗುವ ಡಾಕ್ಟರು. ಅರ್ಧ ದಾರಿಯಲ್ಲಿ ನಿಂತು ಎಡಗೈಯಿಂದ ಕಾಲರು ಸರಿಮಾಡಿಕೊಂಡು ಮತ್ತೆ ನಡೆಯುತ್ತಾನೆ. ಅಷ್ಟೇ. ಪಾಪಿ ಕೊಲೆಗಡುಕನ ಮೇಲೂ ಮರುಕ ಹುಟ್ಟುತ್ತದೆ. ನನಗೂ ಹುಟ್ಟಿತು. ಬೆನ್ನಿನಿಂದಲೇ ಅಭಿನಯಿಸಿದ ಮಹಾನ್ ಕಲಾವಿದ ಎಂದು ಪತ್ರಿಕೆಗಳು ಕಾರ್ಬಿನ್ನರನ್ನು ಹೊಗಳಿದ್ದೇ ಹೊಗಳಿದ್ದು. ಇವತ್ತು, ಶನಿವಾರ ಸಂಜೆ, ಆ ದೃಶ್ಯಕ್ಕಾಗಿಯೇ ಅವರಿಗೆ ಚಿನ್ನದ ಪದಕ.

ಆ ಬೆನ್ನು ಕಾರ್ಬಿನ್ನರದಲ್ಲ!

ನನಗೆ ಇದನ್ನು ಹೇಳಿದವರು ಗಸ್. ಅವತ್ತು ಓಣಿಗೆ ದೀಪ ಕಟ್ಟಿದ್ದು ಅವರೇ. ಚಿತ್ರದಲ್ಲಿ ಮೊದಲು ಡಾಕ್ಟರ್ ಹಡಗು ಹತ್ತಿ ತಪ್ಪಿಸಿಕೊಳ್ಳುತ್ತಿದ್ದನಂತೆ. ಕೊಲೆ ಮಾಡಿದವನಿಗೆ ಶಿಕ್ಷೆಯಾಗದ ಚಿತ್ರ ಹೊರಗೆ ಬರಕೂಡದು ಎಂದು ಸೆನ್ಸಾರಿನವರು ಪಟ್ಟು ಹಿಡಿದರು. ಅವನು ಪೊಲೀಸರ ಕೈಗೆ ಸಿಕ್ಕುವ ಹೊಸ ಕೊನೆ ತೆಗೆಯಬೇಕಾಯಿತು. ಅಷ್ಟರಲ್ಲಿ ಕಾರ್ಬಿನ್ ಸಾಹೇಬರು ಇನ್ನೊಂದು ಚಿತ್ರದ ಕೈದಿ ಪಾತ್ರಕ್ಕೆ ತಲೆ ಬೋಳಿಸಿಕೊಂಡು ಮರುಭೂಮಿಗೆ ಹೋಗಿದ್ದಾರೆ! "ನಿರ್ದೇಶಕರು ತಲೆ ಮೇಲೆ ಕೈ ಹೊತ್ತು ಕೂತ್ರು," ಎನ್ನುತ್ತಾರೆ ಗಸ್. "ಆಮೇಲೆ ಇವನ ಕಡೆ ನೋಡಿ, 'ಎಮಿಟ್, ಎಲ್ಲವನ್ನೂ ಕಳ್ಕೊಂಡೋನ ಥರ ಆ ತುದಿವರೆಗೂ ನಡಿಯಪ್ಪ' ಅಂದ್ರು. ಇವನು ನಡೆದ. ನಾವು ದೀಪ ಆರಿಸೋದೂ ಮರೆತು ನಿಂತ್ಬಿಟ್ವಿ."

ಎಮಿಟ್ ಅವತ್ತು ನಡೆದದ್ದು ತನ್ನ ಅಪ್ಪನ ನಡಿಗೆ. ಅಪ್ಪ ಏಮಸ್ ಪ್ರೂಯಿಟ್, ಮೊಂಟಾನಾದ ಬ್ಯೂಟ್ ಊರಿನ ತಾಮ್ರದ ಗಣಿಯಲ್ಲಿ ಕೂಲಿ. ಎದೆಗೂಡಿನ ತುಂಬ ಧೂಳು ತುಂಬಿ ಕೆಮ್ಮು ಹತ್ತಿದ ಮೇಲೆ ಗಣಿಯವರು ಇಬ್ಬರು ಕಾವಲುಗಾರರನ್ನು ಕೊಟ್ಟು ಗೇಟಿನ ಹೊರಗೆ ಕಳಿಸಿದರು. ಅವನೇನು ಕಳ್ಳನೇ? "ನಾನೂ ಅಮ್ಮನೂ ಗೇಟಿನ ಹತ್ರ ಕಾಯ್ತಿದ್ವಿ," ಎನ್ನುತ್ತಾರೆ ಎಮಿಟ್. "ಅಪ್ಪ ನಡುವೆ ಒಂದು ಸಲ ನಿಂತ. ಕೆಮ್ಮು ಬಂತೇನೋ ಅನ್ಕೊಂಡೆ. ಇಲ್ಲ, ಕಾಲರ್ ಸರಿಮಾಡ್ಕೊಂಡ. ಆಮೇಲೆ ಅವರಿಬ್ಬರಿಗಿಂತ ಮುಂದೆ ನಡೆದು ಬಂದ."

ಹೋದ ತಿಂಗಳು ರೇಡಿಯೋದಲ್ಲಿ ಕಾರ್ಬಿನ್ನರಿಗೆ ಆ ದೃಶ್ಯದ ಗುಟ್ಟು ಕೇಳಿದರು. ಸಾಹೇಬರು ದನಿ ತಗ್ಗಿಸಿ, "ಅವತ್ತು ನಾನು ನನ್ನ ತಂದೆಯನ್ನ ನೆನೆಸ್ಕೊಂಡೆ. ಆ ನಡಿಗೆ ಅವರದು," ಎಂದರು. ಥೂ! ಇವರ ತಂದೆ ಬಾಸ್ಟನ್ನಿನಲ್ಲಿ ಬ್ಯಾಂಕು ನಡೆಸಿದವರು. ಅವರನ್ನು ಯಾವ ಗೇಟಿನಿಂದ ಯಾರು ಹೊರಗೆ ಹಾಕಿದ್ದರೋ ದೇವರೇ ಬಲ್ಲ. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಅಂತಾರಲ್ಲ, ಹಾಗಾಯಿತು. ಒಬ್ಬನ ದುಡಿಮೆ ಕದಿಯುವವರನ್ನು ಈ ಊರಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಅಪ್ಪನನ್ನೇ ಕದ್ದವರನ್ನು ನೋಡಿರಲಿಲ್ಲ. ಆ ರೇಡಿಯೋ ಮಾತು ಎಮಿಟ್ ಮನೆಯಲ್ಲೂ ಕೇಳಿಸಿತು. ಅವರ ಹೆಂಡತಿ ವಿಲ್ಮಾ ಹೇಳುತ್ತಾರೆ: "ಅರ್ಧ ಊಟದಲ್ಲಿ ತಟ್ಟೆ ಬಿಟ್ಟು ಎದ್ರು. ಇಷ್ಟು ವರ್ಷದಲ್ಲಿ ಅವರು ಯಾರ ಮೇಲೂ ಕೋಪ ಮಾಡ್ಕೊಂಡಿದ್ದು ನಾ ಕಂಡಿಲ್ಲ ಕಣ್ರೀ."

ಇನ್ನೂ ಕೇಳಿ. ಪದಕದ ಸಮಾರಂಭಕ್ಕೆ ಟೀವಿಯವರು ಬರುತ್ತಾರೆ, ವೇದಿಕೆಗೆ ದೀಪ ಹೊಂದಿಸಬೇಕು. ಕಾರ್ಬಿನ್ನರ ಜಾಗದಲ್ಲಿ ನಿಲ್ಲಲು ಯಾರನ್ನು ಕರೆಸಿದರು? ಎಮಿಟ್‌ರನ್ನೇ! ಮೊನ್ನೆ ಗುರುವಾರ ಮಧ್ಯಾಹ್ನ ನಾನೂ ಥಿಯೇಟರಿಗೆ ಹೋದೆ. ಚಿನ್ನ ಎಷ್ಟು ಹೊಳೆಯುತ್ತದೆ ನೋಡಬೇಕೆಂದು ಪದಕವನ್ನೂ ಅವರ ಕೈಗೆ ಕೊಟ್ಟಿದ್ದಾರೆ. ಅವರು ಎದೆಯ ಮಟ್ಟಕ್ಕೆ ಹಿಡಿದು ನಿಂತಿದ್ದಾರೆ. ಏಣಿಯ ಮೇಲಿದ್ದ ಗಸ್ ಅವತ್ತು ಒಂದು ತಮಾಷೆಯ ಮಾತನ್ನೂ ಆಡಲಿಲ್ಲ.

ಕಾರ್ಬಿನ್ ಬರುತ್ತಾರೆ. "ಸಾಕು ಎಮಿಟ್, ಇಳಿ."

ಎಮಿಟ್ ಇಳಿಯುವುದಿಲ್ಲ.

"ಮಿಸ್ಟರ್ ಕಾರ್ಬಿನ್, ಒಂದು ಮಾತು."

"ಆಮೇಲೆ ಹೇಳುವೆಯಂತೆ, ಹೊತ್ತಾಯ್ತು."

"ಈಗ್ಲೇ ಹೇಳ್ಬೇಕು ಸಾರ್. ಪದಕ ನೀವೇ ತಗೊಳ್ಳಿ. ಚಿತ್ರದಲ್ಲಿ ಮುಖ ನಿಮ್ದು, ಮಾತು ನಿಮ್ದು. ಬೆನ್ನೂ ನಿಮ್ದೇ ಅನ್ಕೊಳ್ಳಿ ಬೇಕಾದ್ರೆ. ಆದ್ರೆ ಆ ನಡಿಗೆ ನಿಮ್ಮಪ್ಪಂದು ಅನ್ಬೇಡಿ. ಅದು ನಮ್ಮಪ್ಪಂದು."

ಕಾರ್ಬಿನ್ನರ ಮುಖ ಒಂದು ಗಳಿಗೆ ಕೆಂಪಾಗುತ್ತದೆ. ಆಮೇಲೆ ಟೀವಿಯಲ್ಲಿ ನಗುವ ಹಾಗೆಯೇ ನಕ್ಕು, ಎಮಿಟ್‌ರ ಭುಜ ತಟ್ಟುತ್ತಾರೆ. "ಯಾರಪ್ಪಂದಾದ್ರೇನೋ ಎಮಿಟ್? ಇಬ್ಬರೂ ಸತ್ತು ಯಾವ ಕಾಲವಾಯ್ತು."

ನನ್ನ ಮೈಯೆಲ್ಲ ಉರಿದುಹೋಯಿತು. ಎಮಿಟ್ ಮಾತ್ರ ಪದಕವನ್ನು ಅವರ ಅಂಗೈಯಲ್ಲಿಟ್ಟು ಇಳಿದು ಬಂದರು. ಎಲೆಮರೆಯ ಕಾಯಿ ಎಂದು ನಾವು ಪತ್ರಿಕೆಯವರು ಇಂಥವರ ಬಗ್ಗೆ ಅಕ್ಕರೆಯಿಂದ ಬರೆಯುತ್ತೇವೆ. ಆ ಕಾಯಿ ಕಿತ್ತು ತಿಂದು ಬಾಯಿ ಒರೆಸಿಕೊಂಡವರ ಹೆಸರು ಬರೆಯುವುದಿಲ್ಲ. ಇವತ್ತು ಬರೆದಿದ್ದೇನೆ. ಸಂಜೆ ಮೈಕಿನ ಮುಂದೆ ಕಾರ್ಬಿನ್ನರು ಏನು ಹೇಳುತ್ತಾರೋ ನೀವೂ ಕೇಳಿ.

ಅವತ್ತೇ, ಥಿಯೇಟರಿನ ಎದುರಿನ ಕಾಫಿ ಅಂಗಡಿಯಲ್ಲಿ ಎಮಿಟ್ ಡೋನಟ್ಟನ್ನು ಮುರಿದು ಅರ್ಧ ನನಗೆ ಕೊಡುತ್ತಾರೆ. ವಯಸ್ಸು ಅರವತ್ತರ ಹತ್ತಿರ, ಬೇರೆ ಕೆಲಸ ಗೊತ್ತಿಲ್ಲ. "ಇದನ್ನ ಬರೆದ್ರೆ ನಿಮ್ಮನ್ನ ತೆಗೆದುಹಾಕ್ತಾರಲ್ವಾ?" ಎಂದು ಕೇಳುತ್ತೇನೆ.

"ಬರೀರಿ. ಶನಿವಾರ ಅವರು ಮತ್ತೆ ಅದೇ ಮಾತು ಅಂದ್ರೆ, ಅವರು ತೆಗೆಯೋ ತನಕ ನಾನು ಕಾಯಲ್ಲ. ಸೋಮವಾರ ಬೇರೆ ಯಾರನ್ನಾದ್ರೂ ನಿಲ್ಲಿಸ್ಕೊಳ್ಳಲಿ," ಎನ್ನುತ್ತಾರೆ ಎಮಿಟ್. ಕಾಫಿಯ ಕೊನೆಯ ಗುಟುಕು ಕುಡಿದು ಬಟ್ಟಲು ಕೆಳಗಿಡುತ್ತಾರೆ. "ನಿಂತ್ಕೊಳ್ಳೋದನ್ನ ಸ್ಟುಡಿಯೋದವರು ಕಲಿಸಿದ್ರು. ಹೊರಡೋದು ಹೆಂಗೆ ಅಂತ ನಮ್ಮಪ್ಪ ಕಲಿಸಿದಾನೆ."