ನೀರಿಗಿಳಿಯದ ಜೈಪುರ

ಹಿತ್ತಾಳೆಯ ತಾಟಿನಲ್ಲಿ ಒಂದಿಷ್ಟು ನೀರು ಹಾಕಿ, ಲಕೋಟೆಯ ಮೂಲೆ ಕತ್ತರಿಸಿ ತೇಲಿಬಿಟ್ಟರೆ, ಸ್ವಲ್ಪ ಹೊತ್ತಿಗೆ ಅಂಚೆಚೀಟಿ ತಾನಾಗಿಯೇ ಕಾಗದವನ್ನು ಬಿಟ್ಟುಕೊಡುತ್ತದೆ. ಮಕ್ಕಳೇ, ಬನಹಟ್ಟಿಯ ಈ ಮನೆಯಿಂದ ಹೆಚ್ಚು ದೂರ ಹೋಗದ ನಾನು ದೇಶ ನೋಡಿದ್ದು ಆ ತಾಟಿನಲ್ಲೇ. ಸೀರೆ ವ್ಯಾಪಾರದ ಪತ್ರ ಬಂದರೆ ನಿಮ್ಮ ಅಜ್ಜ ಓದಿ, ಲಕೋಟೆಯನ್ನು ನನ್ನ ಕಡೆ ಸರಿಸುತ್ತಿದ್ದರು. ಅಕ್ಷರ ಅವರಿಗೆ, ಚಿತ್ರ ನನಗೆ.

ಮಾವನವರ ಪೆಟ್ಟಿಗೆಯಲ್ಲಿ ಸಿಕ್ಕ ಚಾರ್‌ಮಿನಾರಿನ ಚೀಟಿ ನಿಜಾಮರ ಕಾಲದ್ದು. ಆಗ ಹೈದರಾಬಾದು ಅವರ ರಾಜಧಾನಿ, ಆಮೇಲೆ ಆಂಧ್ರದ್ದು, ಈಗ ತೆಲಂಗಾಣದ್ದು ಅಂತೆ. ಊರು ಕದಲಲಿಲ್ಲ, ಕಿರೀಟವಷ್ಟೇ ಬದಲಾಯಿತು. ಅಷ್ಟೇಕೆ, ಜಮಖಂಡಿಯಲ್ಲಿ ಹುಟ್ಟಿದ ನಮ್ಮ ಅತ್ತೆಗೆ ಮೊದಲು ಜಮಖಂಡಿಯೇ ರಾಜಧಾನಿ, ಆಮೇಲೆ ಮುಂಬೈ, ಕೊನೆಗೆ ಬೆಂಗಳೂರು. ಅವರು ದಾಟಿದ್ದು ಮಾತ್ರ ಜಮಖಂಡಿಯಿಂದ ಬನಹಟ್ಟಿಯವರೆಗಿನ ದಾರಿ. ಅಲ್ಲಿ ಕುಳಿತು ಆಳುವವರಿಂದ ಊರು ರಾಜಧಾನಿಯಾಗುತ್ತದೆಯೋ, ದೂರದಲ್ಲಿ ಕುಳಿತು ಅತ್ತ ನೋಡುವ ನಮ್ಮಂಥವರಿಂದಲೋ?

ನಿಮ್ಮ ಅಕ್ಕ ಸವಿತಾ ಶಾಲೆಯ ಪ್ರದರ್ಶನಕ್ಕೆ ರಾಜಧಾನಿಗಳ ಚೀಟಿ ಜೋಡಿಸತೊಡಗಿದಾಗ ಅಂಟಿಸಿಕೊಟ್ಟವಳು ನಾನು. ನೇಕಾರರ ಮನೆಯವಳಲ್ಲವೇ, ನೂಲಿಗೆ ಹಾಕುವ ಗಂಜಿಯನ್ನೇ ಸವರಿದೆ. ಮರುದಿನ ಬೆಳಿಗ್ಗೆ ಅವಳ ಕೂಗು:

"ಆಯಿ, ನಿನ್ನ ಗಂಜಿ ಭಾಳ ರುಚಿ ಆಗೇತಿ ನೋಡು! ಜಿರಲಿ ಜೈಪುರಾನ ತಿಂದಾವ!"

ಜೈಪುರದ ಹವಾಮಹಲಿನ ಇನ್ನೊಂದು ಚೀಟಿ ಇದ್ದದ್ದು ಒಂದೇ ಕಡೆ, ನನ್ನ ಅಪ್ಪ ಬರೆದ ಪತ್ರದ ಲಕೋಟೆಯ ಮೇಲೆ. ಬೀಳಗಿ ಕಡೆ ಹೊಳೆದಂಡೆಯಲ್ಲಿದ್ದ ನನ್ನ ತವರೂರಿನ ಅಂಚೆ ಮುದ್ರೆ ಅರ್ಧ ಚೀಟಿಯ ಮೇಲೆ, ಅರ್ಧ ಲಕೋಟೆಯ ಮೇಲೆ ಬಿದ್ದಿತ್ತು. ಆಲಮಟ್ಟಿಯ ಹಿನ್ನೀರಿನಲ್ಲಿ ಆ ಊರು ಹೋಯಿತು. ಜನ ಹೊಸ ಊರಿಗೆ ಬಂದರು. ಹಳೆಯದರ ಗುರುತಾಗಿ ನನ್ನ ಬಳಿ ಉಳಿದದ್ದು ಆ ದುಂಡು ಮುದ್ರೆಯೊಂದೇ.

ಸವಿತಾ ತಾಟಿನಲ್ಲಿ ನೀರು ತಂದಳು. "ಕೊಡು ಆಯಿ, ನಾಳೆನ ಐತಿ ಪ್ರದರ್ಶನ."

ನೀರಿಗೆ ಬಿಟ್ಟರೆ ಊರಿನ ಹೆಸರು ಎರಡು ಹೋಳು. ಬಿಡದಿದ್ದರೆ ಹುಡುಗಿಯ ಪುಟ ಖಾಲಿ. ಮನಸ್ಸಿನದನ್ನು ಬಾಯಿಗೆ ತರುವ ರೂಢಿ ನನಗಿಲ್ಲ, ಆದರೂ ಮೆಲ್ಲಗೆ ಅಂದೆ, "ನಮ್ಮೂರ ಒಮ್ಮಿ ನೀರಾಗ ಹೋಗೇತವ್ವಾ. ಮತ್ತ ನೀರಿಗೆ ಹಾಕಾಕ ಕೈ ಬರವಲ್ದು."

ಅವಳು ಮುದ್ರೆಯನ್ನು ಬೆಳಕಿಗೆ ಹಿಡಿದು, ಅಕ್ಷರ ಕೂಡಿಸಿ ಓದಿದಳು. "ಜೈಪುರದ ಅರಮನಿಗೆ ಗಾಳಿ ಬರಾಕ ನೂರಾರು ಕಿಡಕಿ ಅದಾವ. ನಿಮ್ಮೂರಾಗ ಏನಿತ್ತ ಬೇ?"

"ಅಂಚಿಮನಿಗೆ ಒಂದ ಕಿಡಕಿ ಇತ್ತು. ಅದರಾಗಿಂದ ಹೊಳಿ ಕಾಣತಿತ್ತು."

ಸವಿತಾ ಗಂಜಿಯ ಬಟ್ಟಲನ್ನು ದೂರ ಸರಿಸಿದಳು. ಮಗ್ಗದ ನೂಲು ತಂದು, ಲಕೋಟೆಯನ್ನು ಕತ್ತರಿಸದೆ ನಾಲ್ಕೂ ಮೂಲೆ ಹಿಡಿದು ಪುಟಕ್ಕೆ ಹೊಲಿದಳು. ಚೀಟಿಯ ಕೆಳಗೆ 'ರಾಜಸ್ಥಾನದ ರಾಜಧಾನಿ' ಎಂದು ಬರೆದಳು. ಮುದ್ರೆಯ ಪಕ್ಕದಲ್ಲಿ 'ನಮ್ಮ ಆಯಿಯದು' ಎಂದು.

ತಾಟಿನ ನೀರನ್ನು ತುಳಸಿಗೆ ಎರೆಯುವ ಮುನ್ನ ಸುಮ್ಮನೆ ಬಗ್ಗಿ ನೋಡಿದೆ. ತಳದ ಹಿತ್ತಾಳೆ ಹೊಳೆಯುತ್ತಿತ್ತು. ಅದರಲ್ಲಿ ಏನೂ ಮುಳುಗಿರಲಿಲ್ಲ.