ಹೆಜ್ಜೆಗೆ ಸರಿಯಾಗಿ ಗುಂಡಿ ಒತ್ತುವ ಶಿವಗಂಗಮ್ಮ

ಹಾಸನದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಜಯಂತ್ ಅವರ ಫಿಸಿಯೋಥೆರಪಿ ಕೇಂದ್ರದ ಸಹಾಯಕಿ ಶಿವಗಂಗಮ್ಮ ಆಗಲೇ ನೆಲಕ್ಕೆ ಮೊಣಕಾಲೂರಿ, ಕೊಣನೂರಿನ ರೈತ ಚನ್ನಪ್ಪನವರ ಎಡಗಾಲಿಗೆ ಎರಡು ರಬ್ಬರ್ ಪಟ್ಟಿ ಅಂಟಿಸುತ್ತಿದ್ದಾರೆ. ಅವುಗಳ ತಂತಿ ಆಕೆಯ ಕೈಲಿರುವ ಪುಟ್ಟ ಪೆಟ್ಟಿಗೆ ಸೇರುತ್ತದೆ.

ಮೊಪೆಡ್‌ನಿಂದ ಬಿದ್ದು ತಲೆಗೆ ಏಟಾದ ಮೇಲೆ ಚನ್ನಪ್ಪನವರ ಪಾದ ಜೋಲುತ್ತದೆ, ಬೆರಳು ನೆಲ ಗೀರುತ್ತದೆ. ಅವರು ಕಾಲೆತ್ತುವ ಗಳಿಗೆಗೆ ಸರಿಯಾಗಿ ಶಿವಗಂಗಮ್ಮ ಗುಂಡಿ ಒತ್ತುತ್ತಾರೆ. ಸಣ್ಣಗೆ ಕರೆಂಟು ಹರಿದು ಪಾದ ಮೇಲೇಳುತ್ತದೆ. ತುಸು ತಡವಾದರೂ ಮುಗ್ಗರಿಸುವುದೇ.

"ಕಾಲ್ ನೋಡ್‌ಬ್ಯಾಡ ಕಣಣ್ಣ, ಬಾಗ್ಲು ನೋಡು. ಊಂ, ಎತ್ತು!"

"ಇರುವೆ ಅರ್ದಂಗಾಯ್ತದೆ ಕಣಕ್ಕ."

"ಅರೀಲಿ ಬುಡು. ಕಾಲ್ಗೆ ಗ್ಯಾನ ಬತ್ತಾ ಐತೆ."

ಶಿವಗಂಗಮ್ಮನವರ ಊರು ಹಾಸನದ ಹತ್ತಿರದ ಮೊಸಳೆ ಗ್ರಾಮ. ಗಂಡ ಪರಮಶಿವಯ್ಯ ಸುಣ್ಣ ಬಳಿಯುತ್ತಿದ್ದವರು. 1993ರಲ್ಲಿ ಹೊಳೆನರಸೀಪುರದ ಮನೆಯೊಂದರಲ್ಲಿ ಏಣಿಯಿಂದ ಬಿದ್ದರು. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತು. ಜೀವ ಉಳಿಯಿತು, ನಡಿಗೆ ಉಳಿಯಲಿಲ್ಲ.

"ಆಗ ನಮ್ಗೆ ಯೋಳೋರ್ ಯಾರಿದ್ರು ಸಾ? ಜೀವ ಉಳೀತಲ್ಲ, ಮಲಗಿರ್ಲಿ ಅಂದ್ರು. ಅಂಗೇ ಮಲಗ್ಸುದೊ," ಎಂದು ನನ್ನತ್ತ ತಿರುಗುತ್ತಾರೆ ಶಿವಗಂಗಮ್ಮ.

ಏಳು ವರ್ಷದ ನಂತರ ಕಸ ಗುಡಿಸಲೆಂದು ಈ ಕೇಂದ್ರಕ್ಕೆ ಬಂದವರು, ಯಾರದೋ ಸತ್ತಂತಿದ್ದ ಪಾದ ಮೇಲೇಳುವುದನ್ನು ಕಂಡರು. ಮಾರನೆಯ ದಿನವೇ ಗಂಡನನ್ನು ಬಾಡಿಗೆ ಕಾರಿನಲ್ಲಿ ಕರೆತಂದರು. ಜಯಂತ್ ತಿಂಗಳುಗಟ್ಟಲೆ ಹೆಣಗಿದರು. ಏಳು ವರ್ಷ ಮಡಿಚಿಕೊಂಡೇ ಬಿಗಿದು ಹೋಗಿದ್ದ ಮೊಣಕಾಲ ಕೀಲು ಮಣಿಯಲಿಲ್ಲ. ಆದರೂ ಶಿವಗಂಗಮ್ಮ ಕೇಂದ್ರ ಬಿಡಲಿಲ್ಲ. ಜಯಂತ್ ಬಳಿಯೇ ಈ ಕೆಲಸ ಕಲಿತರು.

"ಸಾಯಂಕಾಲ ಬಾಗ್ಲಲ್ ಚಪ್ಲಿ ಬುಟ್ರೆ ಸಾಕು, 'ಇವತ್ ಯಾರ್ ನಡುದ್ರು?' ಅಂತಾರೆ ನಮ್ಮೆಜಮಾನ್ರು. ಯೋಳ್ತೀನಿ. ಕಣ್ಮುಚ್ಕಂಡು ಕೇಳುಸ್ಕೋತಾರೆ. ಕೈ ಮಾತ್ರ ತೊಡೆ ಸವರ್ತಾ ಇರ್ತದೆ."

ಇಲ್ಲಿ ನಡಿಗೆ ಕಲಿತವರು ಅರಕಲಗೂಡಿಗೋ ಚನ್ನರಾಯಪಟ್ಟಣಕ್ಕೋ ಬಸ್ಸು ಹತ್ತಿ ಹೊರಟುಬಿಡುತ್ತಾರೆ. ನಡೆಯಬಲ್ಲವರು ಮತ್ತೆ ಈ ಕಡೆ ಯಾಕೆ ಬಂದಾರು?

"ಅವ್ರಲ್ ಒಬ್ರಾದ್ರೂ ನಡ್ಕಂಡ್ ನಮ್ಮನೇಗ್ ಬರ್‌ಬೇಕು ಸಾ. ನಮ್ಮೆಜಮಾನ್ರು ಇಷ್ಟ್ ದಿನ ಕೇಳಿದ್ದೇ ಆಯ್ತು. ಒಂದ್ಸಲ ಕಣ್ಣಲ್ ನೋಡ್ಲಿ."

ಗೋಡೆಗೊರಗಿ ಸುಧಾರಿಸಿಕೊಳ್ಳುತ್ತಿದ್ದ ಚನ್ನಪ್ಪನವರು ತಲೆಯೆತ್ತುತ್ತಾರೆ. "ನಾ ಬತ್ತೀನಿ ಕಣಕ್ಕ. ಬಸ್ ಇಳ್ದು ನಡ್ಕಂಡೇ ಬತ್ತೀನಿ."

ಶಿವಗಂಗಮ್ಮ ಒಂದು ಕ್ಷಣ ಅವರ ಪಾದವನ್ನೇ ನೋಡುತ್ತಾರೆ.

"ನಮ್ಮನೆ ದಾರಿ ಏರು ಕಣಣ್ಣ," ಎಂದು ಕೈ ಚಾಚುತ್ತಾರೆ. "ಏಳು, ಇನ್ನೊಂದ್ಸಲ ನಡಿಯಾನ."