ಕಮಲಮ್ಮನ ನಾಲ್ಕು ಮೆಟ್ಟಿಲು

ವಿಜಯವಾಡ ಮುಗಿದು ಹೊಲ ಶುರುವಾಗುವ ಜಾಗದಲ್ಲಿ ಚಿನ್ನಂಪಾಲೆಂ ಅಂತ ಒಂದು ಊರು. ಆ ಊರಿನ ವೀರಾಂಜನೇಯ ಕಾಲೋನಿಯಲ್ಲಿ ಕಟ್ಟಕಡೆಯ ಮನೆ ಕಮಲಮ್ಮನದು. ಮಣ್ಣು ರಸ್ತೆ ಮೇಲಿನ ರಾಮಾಲಯದಿಂದ ಇಳಿಜಾರಾಗಿ ಬಂದು ಅವಳ ಮನೆಯ ಮುಂದೆ ಮುಗಿಯುತ್ತದೆ. ಮಳೆನೀರಿಗೂ ಅದೇ ದಾರಿ. ಮನೆಯ ಮಗ್ಗುಲಲ್ಲಿ ಚಪ್ಪಡಿ ಮುಚ್ಚಿದ ಒಂದು ಮೋರಿ, ಮೋರಿಯ ಆಚೆ ಕಾಲುವೆ. ರಸ್ತೆಯಿಂದ ನಾಲ್ಕು ಮೆಟ್ಟಿಲು ಹತ್ತಿದರೆ ಹೊಸ್ತಿಲು.

ಆ ನಾಲ್ಕನೇ ಮೆಟ್ಟಿಲು ಕಮಲಮ್ಮ ಹಟ ಹಿಡಿದು ಹಾಕಿಸಿಕೊಂಡದ್ದು. ಗಂಡ ಶಂಕರಪ್ಪ ಬ್ಯಾಂಕಿನಲ್ಲಿ ಗುಮಾಸ್ತರು. ಹಿರಿಯೂರಿನಿಂದ ಎರಡು ವರ್ಷದ ಮಟ್ಟಿಗೆ ಅಂತ ವರ್ಗವಾಗಿ ಬಂದವರು ಇಲ್ಲೇ ಬೇರು ಬಿಟ್ಟರು. ಮನೆ ಕಟ್ಟುವಾಗ ಮೇಸ್ತ್ರಿ ಮೂರು ಮೆಟ್ಟಿಲು ಸಾಕು ಅಂದ. ಶಂಕರಪ್ಪನವರೂ ತಲೆಯಾಡಿಸಿದರು.

"ನಾನು ವೇದಾವತಿ ದಂಡೆ ಮೇಲೆ ಹುಟ್ಟಿದೋಳು. ನೀರು ಹೇಳಿ ಕೇಳಿ ಬರಲ್ಲ. ಇನ್ನೊಂದು ಹಾಕ್ಸಿ" ಅಂದಳು ಕಮಲಮ್ಮ.

"ಇವಳ ತವರಿನ ಹೊಳೆ ಇಲ್ಲಿಗಂಟ ಬರುತ್ತಂತೆ. ಹಾಕಪ್ಪ, ನಮಗ್ಯಾಕೆ" ಅಂತ ಶಂಕರಪ್ಪ ನಕ್ಕಿದ್ದರು.

ಅವರು ಹೋಗಿ ಒಂಬತ್ತು ವರ್ಷವಾಯಿತು. ಎರಡು ವರ್ಷದ ಕೆಳಗೆ ಬುಡಮೇರು ಹೊಳೆ ಉಕ್ಕಿ ವಿಜಯವಾಡದ ಎಷ್ಟೋ ಬೀದಿಗಳು ಮುಳುಗಿದ ಆ ಸೆಪ್ಟೆಂಬರಿನಲ್ಲಿ ನೀರು ಮೂರು ಮೆಟ್ಟಿಲು ನುಂಗಿ ನಾಲ್ಕನೆಯದನ್ನೂ ಹತ್ತಿತು. ಹೊಸ್ತಿಲಿಗೆ ಎರಡು ಬೆರಳು ಕೆಳಗೆ ನಿಂತಿತು. ಎರಡು ಹಗಲು ಕಮಲಮ್ಮ ಹೊಸ್ತಿಲ ಒಳಗೆ ಕೂತು ಅದನ್ನೇ ನೋಡುತ್ತಿದ್ದಳು. ಇವತ್ತಿಗೂ ಶುಕ್ರವಾರ ಹೊಸ್ತಿಲಿಗೆ ಅರಿಶಿನ ಹಚ್ಚುವಾಗ ಅವಳ ಬೆರಳು ತಾನಾಗಿ ಆ ಎರಡು ಬೆರಳಿನ ಜಾಗವನ್ನು ಒಂದು ಸಲ ಸವರಿ ಬರುತ್ತದೆ.

ಕಮಲಮ್ಮ ಓದಿದ್ದು ನಾಲ್ಕನೇ ಕ್ಲಾಸು. ತಾರೀಖು ಅವಳಿಗೆ ನೆನಪಿರುವುದಿಲ್ಲ. ಆ ದಿನ ಒಲೆಯ ಮೇಲೆ ಏನಿತ್ತು, ಯಾರು ಬಂದು ಉಂಡರು ಅನ್ನುವುದು ಮಾತ್ರ ಅಚ್ಚೊತ್ತಿದ ಹಾಗೆ ಇರುತ್ತದೆ. ಜೊತೆಗಿರುವ ಸೊಸೆ ಬಿಂದುಶ್ರೀ ಇಲ್ಲೇ ಶಾಲೆಯಲ್ಲಿ ಟೀಚರು. "ಅತ್ತೆ, ನಿಮ್ಮ ಕ್ಯಾಲೆಂಡರಲ್ಲಿ ಬರೀ ಸಾರು, ಪಲ್ಯ" ಅಂತ ಚುಡಾಯಿಸುತ್ತಾಳೆ. ಮಗ ಧನಂಜಯನಿಗೆ ಕೆಲಸ ವಿಶಾಖಪಟ್ಟಣದಲ್ಲಿ. ಅಲ್ಲಿನ ಎಂವಿಪಿ ಕಾಲೋನಿಯಲ್ಲಿ ರೂಮು ಮಾಡಿಕೊಂಡು ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಾನೆ.

ಈ ವರ್ಷ ಬೇಸಿಗೆಯಲ್ಲಿ ಚಿನ್ನಂಪಾಲೆಂ ವಿಜಯವಾಡ ಕಾರ್ಪೊರೇಷನ್ನಿಗೆ ಸೇರುತ್ತದೆ ಅಂತ ಸುದ್ದಿ ಗಟ್ಟಿಯಾಯಿತು. ಆ ಭಾನುವಾರವೇ ಕಾಲೋನಿ ಸಂಘದವರು ರಾಮಾಲಯದ ಜಗುಲಿಯಲ್ಲಿ ಮೀಟಿಂಗ್ ಕರೆದರು. ಸಂಘದ ಕಾರ್ಯದರ್ಶಿ ರಾಮಮೋಹನ್ ಟೆಲಿಫೋನ್ ಇಲಾಖೆಯಿಂದ ರಿಟೈರಾದವರು. ಈ ಒಂದು ರಸ್ತೆಗಾಗಿ ಮೂರು ವರ್ಷ ಚಪ್ಪಲಿ ಸವೆಸಿದ್ದರು.

"ರಸ್ತೆ ಮಂಜೂರು ಮಾಡಿದ್ದು ಪಂಚಾಯ್ತಿ. ಪಂಚಾಯ್ತಿಗೆ ಉಳಿದಿರೋದು ಇಪ್ಪತ್ತೆರಡು ದಿನದ ಆಯುಸ್ಸು" ಅಂದರು ರಾಮಮೋಹನ್. "ಅಷ್ಟರೊಳಗೆ ಕಾಂಕ್ರೀಟ್ ಬಿದ್ದರೆ ಬಿತ್ತು. ಇಲ್ಲದಿದ್ದರೆ ಕಾರ್ಪೊರೇಷನ್ನವರು ಮತ್ತೆ ಮೊದಲಿಂದ ಅಳೆಯಬೇಕು, ಮೊದಲಿಂದ ಬರೆಯಬೇಕು. ನಮ್ಮ ಕಾಲಕ್ಕೆ ಆಗೋ ಮಾತಲ್ಲ. ಎಲ್ಲರೂ ಅಭ್ಯಂತರ ಇಲ್ಲ ಅಂತ ಸಹಿ ಮಾಡಿ."

ಸಂಘದ ಅಧ್ಯಕ್ಷರು ದಕ್ಷಿಣಾಮೂರ್ತಿ, ಎಂಬತ್ತೆರಡು ವರ್ಷದವರು. "ಸಿಟಿಯಲ್ಲಿ ಕಣ್ಣು ಮುಚ್ಚಬೇಕು ಅಂತ ನನಗೆ ಆಸೆ ಇತ್ತು. ಸಿಟಿಯೇ ಮನೆ ಬಾಗಿಲಿಗೆ ಬರ್ತಿದೆ. ಆಟೋ ಖರ್ಚು ಉಳೀತು" ಅಂದರು. ಎಲ್ಲರೂ ನಕ್ಕರು.

ಕಮಲಮ್ಮನ ಎದುರಿಗೆ ದಿಬ್ಬದ ಮೇಲಿನ ಮನೆಯ ಸೂರ್ಯಕಾಂತಮ್ಮ ಮಾತ್ರ ನಗಲಿಲ್ಲ. ಹಿಂದಿನ ವರ್ಷ ಇದೇ ರಸ್ತೆಯ ಕೆಸರಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಂಬುಲೆನ್ಸ್ ಒಳಗೆ ಬರಲಿಲ್ಲ. ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಲ್ಕು ಜನ ಹೊತ್ತುಕೊಂಡು ಹೋಗಿದ್ದರು. "ಎಲ್ಲಿ, ಪೆನ್ನು ಕೊಡಿ" ಅಂತ ಮೊದಲ ಸಹಿ ಅವಳೇ ಹಾಕಿದಳು. ಕಮಲಮ್ಮನೂ ಹಾಕಿದಳು.

ಮಾರನೆಯ ದಿನ ಗುತ್ತಿಗೆದಾರನ ಕಡೆಯ ಎಂಜಿನಿಯರು ಹುಡುಗ ಕಿರಣ್ ಮೂರು ಕಾಲಿನ ಯಂತ್ರ ತಂದು ಮೋರಿಯ ಮೇಲೆ ಒಂದು ಕೋಲು ನಿಲ್ಲಿಸಿ ಅಳೆದ. ಪ್ರತಿ ಮನೆಯ ಗೋಡೆಗೂ ಕೆಂಪು ಬಣ್ಣದ ಗೆರೆ ಎಳೆದುಕೊಂಡು ಬಂದ. ಹೊಸ ರಸ್ತೆ ಅಲ್ಲಿಯವರೆಗೆ ಏರುತ್ತದೆ ಅಂತ ಗುರುತು. ಮೇಲಿನ ಮನೆಗಳಿಗೆ ಗೆರೆ ಪಾಯದ ಬುಡದಲ್ಲೇ ಬಿತ್ತು. ಕಮಲಮ್ಮನ ಮೆಟ್ಟಿಲಿನ ಪಕ್ಕದ ಗೋಡೆಯ ಮೇಲೆ ಮಾತ್ರ ಮೂರನೇ ಮೆಟ್ಟಿಲಿನ ಸಮಕ್ಕೆ ಬಿತ್ತು.

ಕಮಲಮ್ಮನ ಕೈಯಲ್ಲಿದ್ದ ಮೊರ ಹಾಗೇ ನಿಂತಿತು. ಮೂರು ಮೆಟ್ಟಿಲು ಕಾಂಕ್ರೀಟಿನಡಿ ಹೋದರೆ ರಸ್ತೆಗೂ ಹೊಸ್ತಿಲಿಗೂ ಉಳಿಯುವುದು ಒಂದೇ ಮೆಟ್ಟಿಲು. ಬುಡಮೇರು ಉಕ್ಕುವುದೇ ಬೇಡ, ಆಷಾಢದ ಒಂದು ಜೋರು ಮಳೆ ಸಾಕು, ಕಾಲೋನಿಯ ನೀರೆಲ್ಲ ಇಳಿದು ಬಂದು ನೇರವಾಗಿ ಅಡುಗೆಮನೆಗೆ ನುಗ್ಗುತ್ತದೆ.

"ಇಷ್ಟು ಎತ್ತರ ಯಾಕಪ್ಪ?" ಅಂತ ಕೇಳಿದಳು.

"ಕಾಗದದಲ್ಲಿ ಇರೋ ಹಾಗೇ ಅಮ್ಮಾ. ಮೋರಿ ಚಪ್ಪಡಿಗಿಂತ ಒಂದು ಗೇಣು ಮೇಲೆ ಇರಬೇಕು ಅಂತ ಬರೆದಿದೆ. ನಿಮ್ಮ ಮನೆ ತಗ್ಗಿನಲ್ಲಿದೆ, ನಾನೇನು ಮಾಡಲಿ" ಅಂದ ಕಿರಣ್.

ರಾತ್ರಿ ದೀಪ ಆರಿಸಿದ ಮೇಲೂ ಕಮಲಮ್ಮ ಕೂತೇ ಇದ್ದಳು. ಸಹಿ ಬೇರೆ ಹಾಕಿ ಬಂದಿದ್ದಳು. ಎರಡು ವರ್ಷದ ಹಿಂದೆ ಇದೇ ಕಾಲೋನಿಗೆ ಬರಬೇಕಾದ ಬೀದಿದೀಪ, ಎರಡು ಮನೆಯವರು ಕಂಬ ನಮ್ಮ ಮುಂದೆ ಬೇಡ ಅಂತ ತಗಾದೆ ತೆಗೆದದ್ದಕ್ಕೆ ಪಕ್ಕದ ಕಾಲೋನಿಗೆ ಹೋಗಿತ್ತು. ಆ ಎರಡು ಮನೆಯವರನ್ನು ಇವತ್ತಿಗೂ ಯಾರೂ ಪೂಜೆಗೆ, ಸೀಮಂತಕ್ಕೆ ಕರೆಯುವುದಿಲ್ಲ. ಈಗ ತಾನು ಬಾಯಿ ತೆಗೆದರೆ ರಸ್ತೆಯೇ ಹೋದೀತು. ಸೂರ್ಯಕಾಂತಮ್ಮನ ಮುಖ ಹೇಗೆ ನೋಡುವುದು. ಬಾಯಿ ಮುಚ್ಚಿಕೊಂಡರೆ ಮನೆ ಹೋದೀತು.

ಮಗನಿಗೆ ಫೋನ್ ಮಾಡಿದಳು. "ಅಮ್ಮಾ, ಊರಿನವರನ್ನ ಎದುರು ಹಾಕ್ಕೋಬೇಡ" ಅಂದ ಧನಂಜಯ. "ರಸ್ತೆ ಆದ ಮೇಲೆ ಸೈಟಿಗೆ ರೇಟು ಬರುತ್ತೆ. ಮಾರಿ ಎಲ್ಲಾ ವೈಜಾಗಿಗೆ ನನ್ನ ಹತ್ತಿರ ಬಂದುಬಿಡಿ."

"ಮುಳುಗೋ ಮನೇನ ಯಾರು ಕೊಳ್ತಾರೋ" ಅಂದಳು ಕಮಲಮ್ಮ.

ಒಂದು ವಾರ ಹೀಗೇ ಕಳೆಯಿತು. ಮೇಲಿನ ತುದಿಯಲ್ಲಿ ಜಲ್ಲಿ ಬಂದು ಬಿತ್ತು. ಲಾರಿ ಸದ್ದು ಕೇಳಿದಾಗೆಲ್ಲ ಕಮಲಮ್ಮ ಬಾಗಿಲಿಗೆ ಬರುತ್ತಿದ್ದಳು. ಕಸ ಗುಡಿಸಲು ಹೊರಗೆ ಬಂದರೆ ಕಣ್ಣು ಆ ಕೆಂಪು ಗೆರೆಯ ಮೇಲೇ ಹೋಗಿ ಕೂರುತ್ತಿತ್ತು. ಮೆಟ್ಟಿಲ ಮುಂದೆ ರಂಗೋಲಿ ಇಡಲು ಬಗ್ಗಿದವಳು, ಇದೆಲ್ಲ ಹೇಗೂ ಹೂತುಹೋಗುವ ನೆಲ ಅಂತ ಎಣಿಸಿ ಎರಡು ದಿನ ಬರೀ ನೀರು ಚಿಮುಕಿಸಿ ಒಳಗೆ ಹೋದಳು.

ಒಂಬತ್ತನೇ ದಿನ ಬೆಳಿಗ್ಗೆ ಹಾಲಿನವಳು ತಡಮಾಡಿದಳು. ಕಾಯುತ್ತ ಕಮಲಮ್ಮ ಮೋರಿಯ ಚಪ್ಪಡಿ ಮೇಲೆ ತಗ್ಗಿನ ಕಡೆಗೆ ಕಾಲು ಬಿಟ್ಟು ಕೂತಳು. ಮೊದಲೆಲ್ಲ ದಿನಾ ಅಲ್ಲೇ ಕೂರುತ್ತಿದ್ದಳು, ಈಚೆಗೆ ಬಿಟ್ಟಿದ್ದಳು. ಯಾಕೆ ಬಿಟ್ಟೆ ಅಂತ ಕೂತಾಗ ತಿಳಿಯಿತು. ಕಾಲು ನೆಲಕ್ಕೆ ಎಟುಕುತ್ತಿರಲಿಲ್ಲ, ಜೋಲಾಡುತ್ತಿತ್ತು. ಮಂಡಿ ಎಳೆಯುತ್ತಿತ್ತು.

ಮೊದಲು ಎಟುಕುತ್ತಿತ್ತಲ್ಲ.

ಕಮಲಮ್ಮ ಹಾಗೇ ಕೂತಳು. ಎಟುಕುತ್ತಿತ್ತು. ಪಾದ ಊರಿ, ತೊಡೆಯ ಮೇಲೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು ಇದೇ ಚಪ್ಪಡಿ ಮೇಲೆ. ನೆರೆ ಬಂದಾಗ ಚಪ್ಪಡಿ ಬಿರುಕು ಬಿಟ್ಟಿತು. ಧನುರ್ಮಾಸದಲ್ಲಿ ಮೂರು ಜನ ಕೆಲಸದವರು ಬಂದರು. ಆವತ್ತು ಮನೆಯಲ್ಲಿ ಹುಗ್ಗಿ ಮಾಡಿದ್ದಳು, ಬಾಳೆಲೆಯ ಮೇಲೆ ಅವರಿಗೂ ಕೊಟ್ಟಿದ್ದಳು. ಹಳೆಯದನ್ನು ಒಡೆದು ತೆಗೆಯಲು ಅವರಿಗೆ ಬೇಜಾರು. ಅದರ ಮೇಲೇ ಕಂಬಿ ಕಟ್ಟಿ ಹೊಸದನ್ನು ಸುರಿದು ಹೋಗಿದ್ದರು.

ಎದ್ದು ನಿಂತಳು. ಹಾಲು ಮರೆತೇಹೋಯಿತು. ರಸ್ತೆಯ ಕಾಗದ ಬರೆದದ್ದು ಮೂರು ವರ್ಷದ ಹಿಂದೆ, ನೆರೆಗೂ ಮುಂಚೆ. ಆಗ ಇದ್ದದ್ದು ಕೆಳಗಿನ ಚಪ್ಪಡಿ. ಹುಡುಗ ಕೋಲು ನಿಲ್ಲಿಸಿ ಅಳೆದದ್ದು ಮೇಲಿನ ಚಪ್ಪಡಿ.

ನೇರ ರಾಮಮೋಹನ್ ಮನೆಗೆ ಹೋದಳು. ಅವರು ಬಾಗಿಲಲ್ಲೇ ನಿಲ್ಲಿಸಿ ಕೇಳಿಸಿಕೊಂಡರು. ಮುಖ ಗಂಟಾಯಿತು.

"ಕಮಲಮ್ಮಗಾರೂ, ನೀವು ಸಹಿ ಹಾಕಿದ್ದೀರಿ."

"ಹಾಕಿದ್ದೀನಿ. ಗೆರೆ ಎಳೆದದ್ದು ಆಮೇಲೆ."

"ಇನ್ನು ಹದಿಮೂರು ದಿನ. ಈಗ ಕಾಗದ ವಾಪಸ್ ಹೋದರೆ ಮುಗೀತು. ನಿಮ್ಮ ಒಬ್ಬರಿಗೋಸ್ಕರ ನಲವತ್ತು ಮನೆಯವರು ಕೆಸರು ತುಳೀಬೇಕಾ?"

"ಕಾಗದ ನಾನು ಕೇಳ್ತಿಲ್ಲ ಅಣ್ಣಯ್ಯ. ಒಂದು ಸಲ ಬಂದು ಮೋರಿ ನೋಡಿ ಅಂತ ಕೇಳ್ತಿದ್ದೀನಿ" ಅಂದಳು. ಅವರು ಅಂಗಿ ಹಾಕಿಕೊಂಡು ಹೊರಟರು. ಮೇಲೆ ಜಲ್ಲಿ ಹರಡಿಸುತ್ತಿದ್ದ ಕಿರಣ್‌ನನ್ನೂ ಕರೆದುಕೊಂಡರು.

ಕಿರಣ್ ಮೋರಿಯನ್ನು ಮೇಲಿಂದ ನೋಡಿದ. "ಇದು ಒಂದೇ ಚಪ್ಪಡಿ. ನನ್ನ ಯಂತ್ರ ಸುಳ್ಳು ಹೇಳಲ್ಲಮ್ಮ."

"ಯಂತ್ರ ಸುಳ್ಳು ಹೇಳಲ್ಲಪ್ಪ. ನೀನು ಕೋಲು ನಿಲ್ಲಿಸಿದ ಜಾಗ ಬೆಳೆದಿದೆ" ಅಂದಳು ಕಮಲಮ್ಮ.

ಎದುರುಮನೆಯಿಂದ ಸೂರ್ಯಕಾಂತಮ್ಮ ಕೋಲೂರಿಕೊಂಡು ಇಳಿದು ಬರುತ್ತಿದ್ದಳು. ನಾನು ರಸ್ತೆ ನಿಲ್ಲಿಸುತ್ತಿದ್ದೇನೆ ಅಂತ ಜಗಳಕ್ಕೇ ಬಂದಳು ಅಂದುಕೊಂಡಳು ಕಮಲಮ್ಮ.

"ಏನಂತೆ?" ಅಂದಳು ಸೂರ್ಯಕಾಂತಮ್ಮ. ಧನುರ್ಮಾಸದಲ್ಲಿ ಚಪ್ಪಡಿಯ ಮೇಲೆ ಚಪ್ಪಡಿ ಹಾಕಿದರಂತೆ ಅಂತ ರಾಮಮೋಹನ್ ಹೇಳಿದರು. ಅವಳು ಕಮಲಮ್ಮನ ಮುಖವನ್ನು ಒಂದು ಗಳಿಗೆ ನೋಡಿದಳು.

"ಹುಗ್ಗಿ ಕೊಟ್ಟ ದಿನ ತಾನೆ? ನನಗೂ ಕಳಿಸಿದ್ದಳು. ಉಪ್ಪು ಕಡಿಮೆ ಇತ್ತು" ಅಂದಳು. ಮೋರಿಯ ಮಗ್ಗುಲಿಗೆ ಇಳಿದು ಕೋಲಿನ ತುದಿಯಿಂದ ಕೆರೆಯತೊಡಗಿದಳು. ಪಾಚಿ ಉದುರಿತು, ಒಣಗಿದ ಕೆಸರು ಉದುರಿತು. ಒಳಗಿಂದ ಒಂದು ಉದ್ದನೆಯ ಸೀಳು ಕಾಣಿಸಿತು. ಸೀಳಿನ ಮೇಲೆ ಬೂದು ಕಾಂಕ್ರೀಟು, ಕೆಳಗೆ ಕಪ್ಪಗಾದ ಹಳೆಯ ಚಪ್ಪಡಿ.

ಕಿರಣ್ ಮಂಡಿಯೂರಿ ಕೂತು ಟೇಪು ಹಿಡಿದ. ಒಂದೂವರೆ ಗೇಣು. ಮತ್ತೆ ಹಿಡಿದ, ಅಷ್ಟೇ ಬಂತು. ಹಣೆ ಒರೆಸಿಕೊಂಡ.

"ಈಗ ಕಾಗದ ವಾಪಸ್ ಹೋಗಬೇಕಾ?" ಅಂತ ಕೇಳಿದರು ರಾಮಮೋಹನ್.

ಹುಡುಗ ಟೇಪು ಸುತ್ತಿ ಎದ್ದ. "ಬೇಡ ಸಾರ್. ಕಾಗದದಲ್ಲಿ ಬರೆದಿರೋದು ಸರಿಯಾಗೇ ಇದೆ. ಗೆರೆ ಎಳೆದದ್ದು ತಪ್ಪು."

ಹೊಸ ಗೆರೆ ಮೊದಲ ಮೆಟ್ಟಿಲಿಗಿಂತ ಎರಡು ಬೆರಳು ಮೇಲೆ ಬಿತ್ತು. ಕಿರಣ್ ಹಳೆಯ ಗೆರೆಯನ್ನು ಅಳಿಸಲು ಸೀಮೆಎಣ್ಣೆ ಬಟ್ಟೆ ತೆಗೆದ. "ಇರಲಿ ಬಿಡಪ್ಪ ಅದು" ಅಂದಳು ಕಮಲಮ್ಮ.

"ಅಂದವಾಗಿ ಕಾಣಲ್ಲಮ್ಮ."

"ಅಂದಕ್ಕೆ ಯಾರು ಇಟ್ಕೊಂಡ್ರು. ನೀರು ಎಲ್ಲಿವರೆಗೆ ಬಂತು ಅಂತ ನೋಡೋಕೆ ಬೇಕು."

ಪಂಚಾಯ್ತಿಯ ಕೊನೆಯ ವಾರದಲ್ಲಿ ಕಾಂಕ್ರೀಟು ಬಿತ್ತು. ರಾಮಮೋಹನ್ ಹಗಲೆಲ್ಲ ಕುರ್ಚಿ ಹಾಕಿಕೊಂಡು ಕಾದರು. ಆಮೇಲೆ ಪಂಚಾಯ್ತಿಯ ಬೋರ್ಡು ಇಳಿಯಿತು, ಕಾರ್ಪೊರೇಷನ್ನಿನ ಬೋರ್ಡು ಏರಿತು. ಅಂಚಿನ ಚರಂಡಿ ಪಂಚಾಯ್ತಿಯ ಕಾಗದದಲ್ಲಿ ಇರಲಿಲ್ಲ, ಅದನ್ನು ಕಾರ್ಪೊರೇಷನ್ ಮಾಡುತ್ತದೆ ಅಂದರು. ಯಾವಾಗ ಅಂತ ಯಾರೂ ಹೇಳಲಿಲ್ಲ. ಮುಗಿಲು ಕಪ್ಪಾದರೆ ಕಮಲಮ್ಮ ಒಗೆದ ಬಟ್ಟೆಗಿಂತ ಮೊದಲು ಮೆಟ್ಟಿಲು ನೋಡುತ್ತಿದ್ದಳು.

ಆಷಾಢದ ಒಂದು ಮಧ್ಯಾಹ್ನ ಮಳೆ ಹಿಡಿಯಿತು. ಹೊಸ ರಸ್ತೆಯ ಮೇಲೆ ನೀರಿಗೆ ತಡೆಯೇ ಇರಲಿಲ್ಲ, ರಾಮಾಲಯದಿಂದ ಒಂದೇ ಉಸಿರಿಗೆ ಓಡಿ ಬಂತು. ಮೋರಿ ಕುಡಿದಷ್ಟು ಕುಡಿದು ಕೈಚೆಲ್ಲಿತು. ಕಮಲಮ್ಮ ಹೊಸ್ತಿಲ ಒಳಗೆ ಕಾಲು ಮಡಚಿ ಕೂತಳು. ಬಿಂದುಶ್ರೀ ಅಕ್ಕಿ ಡಬ್ಬಿಯನ್ನು ಅಟ್ಟಕ್ಕೇರಿಸಿ, "ಬನ್ನಿ ಅತ್ತೆ, ನೋಡ್ತಾ ಕೂತರೆ ನಿಲ್ಲುತ್ತಾ ಅದು" ಅಂತ ಎರಡು ಸಲ ಕರೆದಳು.

ನೀರು ಎರಡನೇ ಮೆಟ್ಟಿಲನ್ನು ಮುಚ್ಚಿತು. ಮೂರನೆಯದರ ಗೋಡೆ ಹಿಡಿದು ಏರತೊಡಗಿತು. ಹಳೆಯ ಕೆಂಪು ಗೆರೆಗೆ ಎಂಟು ಬೆರಳು, ಆರು ಬೆರಳು. ರಸ್ತೆಯೇ ಆ ಗೆರೆಯ ಮಟ್ಟಕ್ಕೆ ಏರಿದ್ದಿದ್ದರೆ ಈ ನೀರು ಈಗಾಗಲೇ ದೇವರ ಗೂಡಿನ ಕೆಳಗೆ ಇರುತ್ತಿತ್ತು. ನಾಲ್ಕು ಬೆರಳಿಗೆ ಬಂದು ಅಲ್ಲೇ ತೂಗಾಡತೊಡಗಿತು.

ರಸ್ತೆಯ ಮೇಲೆ ಒಂದು ಛತ್ರಿ ಬಂತು. ಮೊಣಕಾಲವರೆಗೆ ಪ್ಯಾಂಟು ಮಡಚಿಕೊಂಡ ರಾಮಮೋಹನ್. ನೀರಿನ ಆಚೆ ನಿಂತು ಕೂಗಿದರು.

"ಅಕ್ಕಯ್ಯಾ, ಎಲ್ಲಿವರೆಗೆ ಬಂತು?"

"ನಾಲ್ಕು ಬೆರಳಿದೆ."

"ನಿಂತಿದೆಯಾ?"

ಕಮಲಮ್ಮ ಗೆರೆಯಿಂದ ಕಣ್ಣು ತೆಗೆಯಲಿಲ್ಲ. "ಈಗ ನಿಂತಿದೆ" ಅಂದಳು. "ಮಳೆ ನಿಂತಿಲ್ಲ."

ರಾಮಮೋಹನ್ ವಾಪಸ್ ಹೋಗಲಿಲ್ಲ. ಸೂರ್ಯಕಾಂತಮ್ಮನ ಮನೆಯ ಸೂರಿನಡಿ ಸರಿದು ನಿಂತು, ಛತ್ರಿ ಮಡಚಿ, ಅವರೂ ಆ ಗೆರೆಯನ್ನೇ ನೋಡತೊಡಗಿದರು.